ವೀಸಾದ ಅರ್ಜಿಯಾಗ ಜಾತಿಯ ಕಾಲಂ ಇಲ್ಲ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ವಾರ್ಷಿಕೋತ್ಸವದಾಗ ಪ್ರತಿ ವರ್ಷ ಒಬ್ಬರು ಶಿಕ್ಷಣದ ಬಗ್ಗೆ, ಒಬ್ಬರು ದಾರೂಬಂದಿ ಬಗ್ಗೆ ಮಾತಾಡ್ತಾರೆ. ಈ ಸಲ ಸಂಘದವರು ನನಗೆ ಕೊಟ್ಟ ವಿಷಯ 'ಪರದೇಶದಲ್ಲಿ ಸ್ವಂತ ಧಂಧಾ ಮಾಡಲು ವೀಸಾ'. ಈ ವಿಷಯ ಯಾಕೆ ಬಂತು ಅಂತ ಓಣಿಯವರಿಗೆಲ್ಲ ಗೊತ್ತಿದೆ. ಕೆಲವು ತಿಂಗಳಿಂದ ನಮ್ಮ ಮೂರ್ನಾಲ್ಕು ಹುಡುಗರ ಫೋನಿಗೆ ಒಬ್ಬ ಏಜೆಂಟನ ಕರೆ ಬರ್ತಾ ಇದೆ. "ನೌಕರಿಗೆ ಯಾಕ ಹೋಗ್ತೀರಿ, ಮಾಲಕ ಆಗಿ ಹೋಗ್ರಿ. ದುಬೈದಾಗ ಹೋಟೆಲ್ ಹಾಕ್ರಿ. ಬಿಜಿನೆಸ್ ವೀಸಾ ನಾನು ಮಾಡಿಸಿಕೊಡ್ತೀನಿ, ಮೂರು ಲಕ್ಷ" ಅಂತಾನೆ. ಒಂದು ಮನೆಯಲ್ಲಿ ತಾಯಿಯ ಬೋರಮಾಳ ಸರಾಫನ ಅಂಗಡಿ ತನಕ ಹೋಗಿ ಬಂದಿದೆ. ಇನ್ನೊಂದು ಮನೆಯಲ್ಲಿ ಅರ್ಧ ಎಕರೆ ಮಾರುವ ಮಾತು ನಡೆದಿದೆ. ಅದಕ್ಕೇ ಇವತ್ತು ಈ ವಿಷಯ. ನಾನು ಬಿ.ಎ. ಓದುವವ, ವಕೀಲ ಅಲ್ಲ. ಆಯಾ ದೇಶದ ಸರ್ಕಾರಗಳು ಬರೆದ ನಿಯಮ ಓದಿಕೊಂಡು ಬಂದಿದ್ದೇನೆ, ಅಷ್ಟನ್ನೇ ಹೇಳ್ತೀನಿ.

ಮೊದಲು ಒಂದು ಮಾತು ಹಿರಿಯರಿಗೆ. ಹೋಗಬೇಕು ಅನ್ನೋ ಹುಡುಗರಿಗೆ "ಇಲ್ಲೇನು ಕಡಿಮಿ ಆಗ್ಯಾದ?" ಅಂತ ಬೈಬೇಡಿ. ಏನು ಕಡಿಮೆ ಆಗಿದೆ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು. ಅಕ್ಕಲಕೋಟ ತಾಲೂಕಿನ ಹಳ್ಳಿಗಳಾಗ ನಮ್ಮವನೊಬ್ಬ ಪಂಚರ್ ಅಂಗಡಿ ಹಾಕಿದ್ರ ನಡೀತದ, ಮೊಬೈಲ್ ರಿಪೇರಿ ನಡೀತದ, ಸೆಂಟ್ರಿಂಗ್ ಗುತ್ತಿಗೆ ನಡೀತದ. ಚಹಾದ ಅಂಗಡಿ ಹಾಕಿದ್ರ? ಯಾರೂ ಬಂದು ಜಗಳ ಮಾಡೂದಿಲ್ಲ, ಯಾರೂ ಬೈಯೂದಿಲ್ಲ. ಸುಮ್ಮನೆ ಮುಂದಿನ ಅಂಗಡಿಗೆ ಹೋಗ್ತಾರ. ಸೊಲ್ಲಾಪುರ ಪೇಟೆಯಾಗ ಗಾಳಾ ಬಾಡಿಗೆ ಕೇಳಿದಾಗ ಮೊದಲು ಊರು ಕೇಳ್ತಾರ, ಆಮೇಲೆ ಅಡ್ಡಹೆಸರು ಕೇಳ್ತಾರ, ಆಮೇಲೆ "ಮನ್ಯಾಗ ಕೇಳಿ ಹೇಳ್ತೀವಿ" ಅಂತಾರ. ಹೀಗಿರುವಾಗ ಯಾರೂ ಅಡ್ಡಹೆಸರು ಗುರುತಿಸದ ಊರಿನಲ್ಲಿ ಅಂಗಡಿ ಹಾಕಬೇಕು ಅಂತ ಇಪ್ಪತ್ತೆರಡು ವರ್ಷದ ಹುಡುಗನಿಗೆ ಅನಿಸಿದರೆ ಅದು ತಪ್ಪಲ್ಲ.

ಇದೇ ಅನುಭವದ ಮೇಲೆ ಬಾಬಾಸಾಹೇಬರು ಒಂದು ಸಣ್ಣ ಪುಸ್ತಿಕೆ ಬರೆದಿದ್ದಾರೆ. ಅದರ ಹೆಸರು 'ವೇಟಿಂಗ್ ಫಾರ್ ಎ ವೀಸಾ', ವೀಸಾಕ್ಕಾಗಿ ಕಾಯುತ್ತ. ಬರೆದದ್ದು 1930ರ ದಶಕದಲ್ಲಿ, ಪೀಪಲ್ಸ್ ಎಜುಕೇಶನ್ ಸೊಸೈಟಿ ಅದನ್ನು ಪುಸ್ತಿಕೆಯಾಗಿ ಛಾಪಿಸಿದ್ದು 1990ರಲ್ಲಿ. ಇವತ್ತು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಪಾಠವಾಗಿ ಓದಿಸುತ್ತಾರೆ. ಹೆಸರು ನೋಡಿ ನಾನು ಅಮೆರಿಕಾಕ್ಕೆ ಹೋದ ಕಥೆ ಇರಬೇಕು ಅಂದುಕೊಂಡೇ ಓದಲು ಕೂತೆ. ಅದರಾಗ ರಾಯಭಾರ ಕಚೇರಿ ಇಲ್ಲ, ಹಡಗಿನ ಕಥೆ ಇಲ್ಲ. ಮಸೂರ ಸ್ಟೇಶನ್ನಿನಲ್ಲಿ ಚೆಂದ ಬಟ್ಟೆ ಹಾಕಿಕೊಂಡು, ಕಿಸೆಯಲ್ಲಿ ರೊಕ್ಕ ಇಟ್ಟುಕೊಂಡು ಇಳಿದ ಮಕ್ಕಳಿಗೆ ಒಬ್ಬ ಗಾಡಿಯವನೂ ಗಾಡಿ ಕೊಡದ ಕಥೆ ಇದೆ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು, ಗಾಡಿಯವ ಪಕ್ಕದಲ್ಲಿ ನಡೆದ. ಅದು 1901. ಆಮೇಲೆ ಬಡೋದಾ. ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಓದಿ 1917ರಲ್ಲಿ ಮರಳಿ ಬಂದ ಮನುಷ್ಯನಿಗೆ ಬಡೋದಾದಲ್ಲಿ ತಲೆ ಮರೆಸಲು ಮನೆ ಇಲ್ಲ. ಪಾರಸಿ ಹೆಸರು ಹೇಳಿ ಪಾರಸಿಗಳ ಧರ್ಮಶಾಲೆಯಲ್ಲಿ ಕೆಲ ದಿನ ಇದ್ದರು. ಗೊತ್ತಾದ ದಿನ ಕೋಲು ಹಿಡಿದ ಹನ್ನೆರಡು ಮಂದಿ ಬಂದು ನಿಂತರು. ಸಂಜೆಗೆ ಖಾಲಿ ಮಾಡಬೇಕೆಂದರು. ರೈಲಿನ ಹೊತ್ತಾಗುವ ತನಕ ಅವರು ಕೂತಿದ್ದು ಊರಿನ ಉದ್ಯಾನದಲ್ಲಿ. ಪರದೇಶದಲ್ಲಿದ್ದ ಅಷ್ಟು ವರ್ಷ ತಾನು ಅಸ್ಪೃಶ್ಯ ಅನ್ನೋದೇ ಮನಸ್ಸಿನಿಂದ ಅಳಿಸಿ ಹೋಗಿತ್ತು ಅಂತ ಅವರು ಅಲ್ಲಿ ಬರೆಯುತ್ತಾರೆ. ನ್ಯೂಯಾರ್ಕ್ ಅವರನ್ನು ಒಳಗೆ ಬಿಟ್ಟಿತು, ಬಡೋದಾ ಬಿಡಲಿಲ್ಲ. ಹಾಗಾದರೆ ವೀಸಾ ಬೇಕಾದದ್ದು ಯಾವ ಊರಿಗೆ?

ನಮ್ಮ ಇವತ್ತಿನ ವಿಷಯಕ್ಕೆ ಇನ್ನೂ ಹತ್ತಿರದ ಸಂಗತಿ ಆಮೇಲೆ ನಡೆದದ್ದು. ನಾವು ಬಾಬಾಸಾಹೇಬರನ್ನು ಸಂವಿಧಾನ ಹಿಡಿದ ಫೋಟೋದಾಗ ನೋಡಿದ್ದೇವೆ, ಅವರೂ ಒಮ್ಮೆ ಧಂಧಾ ಮಾಡಲು ಕೂತಿದ್ದರು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಬಡೋದಾ ಬಿಟ್ಟು ಮುಂಬೈಗೆ ಬಂದ ಮೇಲೆ ಷೇರು ವ್ಯವಹಾರ ಮಾಡುವವರಿಗೆ ಸಲಹೆ ಕೊಡುವ ಒಂದು ಸಣ್ಣ ಸಂಸ್ಥೆ ತೆರೆದರು. ಅರ್ಥಶಾಸ್ತ್ರ ಕಲಿತು ಬಂದವರು, ಅವರಿಗಿಂತ ಚಲೋ ಸಲಹೆ ಯಾರು ಕೊಡಬೇಕು? ಗಿರಾಕಿಗಳು ಬಂದರು. ಸಲಹೆ ಕೊಡುವವರ ಜಾತಿ ಯಾವುದು ಅಂತ ಗೊತ್ತಾದ ಮೇಲೆ ಗಿರಾಕಿಗಳು ನಿಂತರು. ಸಂಸ್ಥೆ ಮುಚ್ಚಿತು. ನಮ್ಮ ಚಹಾದ ಅಂಗಡಿಗೂ ಇದಕ್ಕೂ ಏನು ಫರಕು ಅದ ಹೇಳ್ರಿ.

ಈಗ ವೀಸಾದ ಅರ್ಜಿಗೆ ಬರೋಣ. ನಾನು ನಾಲ್ಕೈದು ದೇಶದ ಅರ್ಜಿ ನಮೂನೆ ನೋಡಿದೆ. ಒಂದರಾಗೂ ಜಾತಿಯ ಕಾಲಂ ಇಲ್ಲ. ಹುಟ್ಟಿದ ಊರು ಕೇಳ್ತಾರ, ತಂದೆ-ತಾಯಿ ಹೆಸರು ಕೇಳ್ತಾರ, ಹಿಂದೆ ಎಲ್ಲಿ ಹೋಗಿದ್ದಿ ಕೇಳ್ತಾರ. ಅಮೆರಿಕಾದ ಡಿಎಸ್-160 ಅನ್ನೋ ನಮೂನೆಯಾಗ ಮಾತ್ರ "ನೀನು ಯಾವುದಾದರೂ ಕುಲಕ್ಕೆ ಅಥವಾ ಬುಡಕಟ್ಟಿಗೆ ಸೇರಿದವನೇ" ಅಂತ ಒಂದು ಪ್ರಶ್ನೆ ಇದೆ. ಅದನ್ನು ನೋಡಿ ನಮ್ಮ ಹುಡುಗನೊಬ್ಬ, "ಇಲ್ಲಿ ಮಹಾರ ಅಂತ ಬರೀಲೇನು, ಬೌದ್ಧ ಅಂತ ಬರೀಲೇನು?" ಅಂತ ಕೇಳಿದ. ಎರಡೂ ಬ್ಯಾಡ, ಅವರು ಕೇಳೋದು ಬುಡಕಟ್ಟು, ಇಲ್ಲ ಅಂತ ಬರಿ ಅಂದೆ. ಆದರೆ ನನಗೆ ನಗು ಬರಲಿಲ್ಲ. ಎಲ್ಲಾ ಕಡೆ ಈ ಪ್ರಶ್ನೆ ಬಂದೇ ಬರತದ ಅಂತ ತಯಾರಾಗಿ ಕೂತಿದ್ದ ಹುಡುಗ ಅವನು.

ಜಾತಿ ಕಾಲಂ ಇಲ್ಲ, ಖರೆ. ರೊಕ್ಕದ ಕಾಲಂ ಅದ. ಆಸ್ತಿ, ಬ್ಯಾಂಕಿನ ಖಾತೆ, ಇಂಗ್ಲಿಷ್, ಅಲ್ಲಿ ಪರಿಚಯದವರು ಯಾರಿದ್ದಾರೆ ಅನ್ನೋ ಕಾಲಂ ಅದ. ಜಾತಿ ಹೋಗಿ ಕೂತದ್ದು ಆ ಕಾಲಂಗಳಾಗ. ಒಂದೊಂದು ದೇಶದ ಲೆಕ್ಕ ನೋಡಿ.

ಅಮೆರಿಕಾದಲ್ಲಿ ಅಂಗಡಿ-ಉದ್ಯೋಗ ತೆರೆಯುವವರಿಗೆ ಇ-2 ಅನ್ನುವ ವೀಸಾ ಇದೆ. ಅದು ಅಮೆರಿಕಾದ ಜೊತೆ ಒಪ್ಪಂದ ಇರುವ ದೇಶದವರಿಗೆ ಮಾತ್ರ. ಭಾರತದ ಜೊತೆ ಆ ಒಪ್ಪಂದವೇ ಇಲ್ಲ. ಉಳಿದದ್ದು ಇಬಿ-5. ಅದಕ್ಕೆ ಕಡಿಮೆ ಅಂದರೆ 8 ಲಕ್ಷ ಡಾಲರ್ ಹೂಡಬೇಕು, ಹತ್ತು ಮಂದಿಗೆ ಕೆಲಸ ಕೊಡಬೇಕು. ರೂಪಾಯಿಯಲ್ಲಿ ಆರು ಕೋಟಿ ದಾಟುತ್ತದೆ. ಬಿ-1 ಅನ್ನುವ ಬಿಜಿನೆಸ್ ವೀಸಾ ಸಿಗಬಹುದು, ಆದರೆ ಅದು ಮೀಟಿಂಗಿಗೆ, ಮಾಲು ನೋಡಲು, ಮಾತುಕತೆಗೆ. ಅದರ ಮೇಲೆ ಅಲ್ಲಿ ಕೂತು ಹೋಟೆಲ್ ನಡೆಸುವ ಹಾಗಿಲ್ಲ. 'ಬಿಜಿನೆಸ್ ವೀಸಾ' ಅನ್ನುವ ಒಂದೇ ಶಬ್ದದಲ್ಲಿ ಏಜೆಂಟ ಆಟ ಆಡುವುದು ಇಲ್ಲೇ. ಜಪಾನದಲ್ಲಿ ಧಂಧಾ ನಡೆಸುವ ವೀಸಾಕ್ಕೆ 50 ಲಕ್ಷ ಯೆನ್ ಬಂಡವಾಳ ಸಾಕಿತ್ತು, ಅಕ್ಟೋಬರ್ 2025ರಿಂದ ಅದನ್ನು 3 ಕೋಟಿ ಯೆನ್ ಮಾಡಿದ್ದಾರೆ. ಒಂದೇ ಏಟಿಗೆ ಆರು ಪಟ್ಟು.

ಬ್ರಿಟನ್ನಿನದು ಸ್ವಲ್ಪ ಬೇರೆ, ಅದನ್ನು ಬಿಡಿಸಿ ಹೇಳ್ತೀನಿ. ಏಪ್ರಿಲ್ 2023ರಿಂದ ಅಲ್ಲಿ 'ಇನ್ನೊವೇಟರ್ ಫೌಂಡರ್' ಅನ್ನುವ ವೀಸಾ ಇದೆ. ಮೊದಲು ಇದ್ದ 50,000 ಪೌಂಡ್ ಬಂಡವಾಳದ ಶರ್ತ ಇದರಲ್ಲಿ ಇಲ್ಲ. ಕೇಳಲು ನಮ್ಮಂಥವರಿಗೇ ಮಾಡಿದ ಹಾಗಿದೆ. ಆದರೆ ನಿಮ್ಮ ಧಂಧಾದ ಯೋಜನೆ ಹೊಸದು, ನಡೆಯುವಂಥದ್ದು, ಬೆಳೆಯುವಂಥದ್ದು ಅಂತ ಸರ್ಕಾರ ಒಪ್ಪಿದ ಒಂದು ಸಂಸ್ಥೆ ಪತ್ರ ಕೊಡಬೇಕು. ಆ ಸಂಸ್ಥೆಗೆ ನಿಮ್ಮ ಯೋಜನೆ ನೋಡಲು 1,000 ಪೌಂಡ್ ಕೊಡಬೇಕು, ಒಪ್ಪಿದರೂ ಬಿಟ್ಟರೂ. ಈಗಾಗಲೇ ಸಾವಿರ ಇರುವಂಥ ಇನ್ನೊಂದು ಇಂಡಿಯನ್ ಹೋಟೆಲ್ ಅಂದರೆ ಅವರು ಪತ್ರ ಕೊಡೂದಿಲ್ಲ. ಇಂಗ್ಲಿಷ್ ಪರೀಕ್ಷೆ ಬಿ-2 ಮಟ್ಟದ್ದು ಪಾಸಾಗಬೇಕು. ಟಿ.ಬಿ. ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ನಿಮ್ಮ ಖರ್ಚಿಗೆ 1,270 ಪೌಂಡ್ ನಿಮ್ಮ ಖಾತೆಯಲ್ಲಿ ಸತತ 28 ದಿನ ಕೂತಿರಬೇಕು. ಇವತ್ತು ಯಾರಿಂದಲೋ ತಂದು ತುಂಬಿ ನಾಳೆ ತೆಗೆದರೆ ನಡೆಯೂದಿಲ್ಲ. ಇದರ ಮೇಲೆ ಅಲ್ಲಿಯ ಸರ್ಕಾರಿ ದವಾಖಾನೆಗಾಗಿ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್. ವೀಸಾ ಮೂರು ವರ್ಷದ್ದು, ಅಂದರೆ 3,105 ಪೌಂಡ್, ಅದೂ ಅರ್ಜಿಯ ಜೊತೆಗೇ. ಪೌಂಡಿಗೆ ನೂರು ರೂಪಾಯಿ ಅಂತ ಕಡಿಮೆ ಹಿಡಿದರೂ ಮೂರು ಲಕ್ಷದ ಮೇಲೆ. ಏಜೆಂಟ ಎಲ್ಲಾ ಸೇರಿ ಹೇಳುವ ಮೂರು ಲಕ್ಷ ಇದೆಯಲ್ಲ, ಅದು ಬರೇ ದವಾಖಾನೆಯ ರೊಕ್ಕ ಆಯ್ತು.

ದುಬೈ. ಹುಡುಗರು ಹೆಚ್ಚು ಕೇಳುವುದು ಇದನ್ನೇ. ಮೊದಲು ಅಲ್ಲಿ ಪೇಟೆಯಲ್ಲಿ ಕಂಪನಿ ಮಾಡಬೇಕಾದರೆ 51 ಪಾಲು ಅಲ್ಲಿಯವರ ಹೆಸರಿಗೆ ಇರಬೇಕಿತ್ತು. ಜೂನ್ 2021ರಿಂದ ಬಹಳಷ್ಟು ಧಂಧಾಗಳಿಗೆ ನೂರಕ್ಕೆ ನೂರು ಪಾಲು ಪರದೇಶದವರೇ ಇಟ್ಟುಕೊಳ್ಳಬಹುದು. ಇದು ನಿಜವಾದ ಬದಲಾವಣೆ, ಏಜೆಂಟ ಹೇಳುವುದರಲ್ಲಿ ಇಷ್ಟು ಖರೆ ಇದೆ. ಆದರೆ ಅಲ್ಲಿ ಮೊದಲು ಬರುವುದು ವೀಸಾ ಅಲ್ಲ, ಲೈಸೆನ್ಸ್. ಧಂಧಾದ ಹೆಸರು ನೋಂದಾಯಿಸಿ, ಜಾಗದ ಬಾಡಿಗೆ ಕರಾರು ಮಾಡಿ, ಟ್ರೇಡ್ ಲೈಸೆನ್ಸ್ ತೆಗೆದು, ಆ ಕಂಪನಿಯ ಹೆಸರಿನ ಮೇಲೆ ನಿಮ್ಮ ಹೂಡಿಕೆದಾರ ವೀಸಾ, ಆಮೇಲೆ ಮೆಡಿಕಲ್, ಎಮಿರೇಟ್ಸ್ ಗುರುತಿನ ಚೀಟಿ. ಹೋಟೆಲ್ಲಿಗೆ ಅಡುಗೆಮನೆಯ ಬೇರೆ ಪರವಾನಗಿ. ಲೈಸೆನ್ಸಿಗೆ ಪ್ರತಿ ವರ್ಷ ಮತ್ತೆ ಫೀ. ನಿಮ್ಮ ಕೈಗೆ ವೀಸಾ ಮೊದಲು ಕೊಟ್ಟು ಲೈಸೆನ್ಸ್ ಆಮೇಲೆ ಮಾಡೋಣ ಅಂತ ಯಾರಾದರೂ ಅಂದರೆ, ಅವರು ಕೊಡುತ್ತಿರುವುದು ವಿಜಿಟ್ ವೀಸಾ.

ಇಲ್ಲಿ ಒಂದು ಕಾನೂನು ಎಲ್ಲರೂ ತಿಳಿದುಕೊಳ್ಳಬೇಕು. ಹತ್ತನೇ ಪಾಸಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್. ಅಂತ ಬರುತ್ತದೆ. ಅಂಥವರು ಯು.ಎ.ಇ., ಸೌದಿ, ಕತಾರ್, ಕುವೈತ್ ಸೇರಿ 18 ದೇಶಗಳಿಗೆ ನೌಕರಿಗೆ ಹೋಗಬೇಕಾದರೆ 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಅದು ನಮ್ಮನ್ನು ತಡೆಯಲು ಮಾಡಿದ್ದಲ್ಲ, ಕರಾರು ಪತ್ರ ಸರಿ ಇದೆಯೋ ನೋಡಲು. ನೌಕರಿಗೆ ಕಳಿಸುವ ನೋಂದಾಯಿತ ಏಜೆಂಟ ತೆಗೆದುಕೊಳ್ಳಬಹುದಾದ ಫೀ 30,000 ರೂಪಾಯಿ ಮತ್ತು ಅದರ ಮೇಲೆ ಜಿ.ಎಸ್.ಟಿ., ಅಷ್ಟೇ. ಅವನ ಲೈಸೆನ್ಸ್ ನಂಬರು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಕಾಣಬೇಕು. ಈಗ ನೋಡಿ ಮರ್ಮ. ವಿಜಿಟ್ ವೀಸಾದಲ್ಲಿ ಹೋಗುವವನಿಗೆ ಈ ಅನುಮತಿ ಬೇಡ. 'ನೌಕರ ಅಲ್ಲ, ಮಾಲಕ' ಅಂತ ಕಾಗದದಲ್ಲಿ ಬರೆದರೆ ಆ 30,000ದ ಕಟ್ಟೂ ಇಲ್ಲ, ಕರಾರು ನೋಡುವವರೂ ಇಲ್ಲ. ಮಾಲಕ ಮಾಡ್ತೀನಿ ಅನ್ನೋ ಮಾತು ಹುಡುಗರಿಗೆ ಮಾನದ ಮಾತಾಗಿ ಕೇಳಿಸುತ್ತದೆ, ಏಜೆಂಟನಿಗೆ ಅದು ಕಾನೂನಿನಿಂದ ಪಾರಾಗುವ ದಾರಿ. ಅವಧಿ ಮುಗಿದ ಮೇಲೆ ಯು.ಎ.ಇ.ಯಲ್ಲಿ ದಿನಕ್ಕೆ 50 ದಿರ್‌ಹಮ್ ದಂಡ. 2024ರ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಅಲ್ಲಿಯ ಸರ್ಕಾರ ಕ್ಷಮಾದಾನ ಕೊಟ್ಟಿತ್ತು, ಹೀಗೆ ಸಿಕ್ಕಿಬಿದ್ದವರು ದಂಡ ಇಲ್ಲದೆ ಊರಿಗೆ ಬರಲಿ ಅಂತ. ಅಂಥ ಕ್ಷಮೆ ಪ್ರತಿ ವರ್ಷ ಬರೂದಿಲ್ಲ.

ಅರ್ಧ ಎಕರೆ ಮಾರುವ ಮಾತಿಗೆ ಬರ್ತೀನಿ. ಹೆಸರು ಹೇಳೂದಿಲ್ಲ, ಆ ಮನೆಯವರು ಇಲ್ಲೇ ಕೂತಿದ್ದಾರೆ, ಸಿಟ್ಟಾಗಬೇಡಿ. ನಮ್ಮ ಕಡೆ ಬಹಳ ಮನೆಗಳ ತುಂಡು ಜಮೀನು ಮಹಾರ ವತನದ್ದು. ಊರಿನ ಚಾಕರಿಗೆ ಬದಲಾಗಿ ಹಿರಿಯರಿಗೆ ಕೊಟ್ಟಿದ್ದ ಜಮೀನು. ಆ ವತನದ ಗುಲಾಮಗಿರಿ ತಪ್ಪಿಸಲು ಬಾಬಾಸಾಹೇಬರು 1928ರಲ್ಲೇ ಮುಂಬೈ ಕೌನ್ಸಿಲಿನಲ್ಲಿ ಮಸೂದೆ ಮಂಡಿಸಿದ್ದರು. ಕೊನೆಗೆ 1958ರ ಕಾಯ್ದೆಯಿಂದ ವತನ ರದ್ದಾಯಿತು, ಜಮೀನು ಮತ್ತೆ ನಮ್ಮ ಹಿರಿಯರ ಹೆಸರಿಗೆ ಬಂತು. ಬಂದದ್ದು 'ನವೀನ ಶರ್ತ'ದ ಮೇಲೆ. ನಿಮ್ಮ ಸಾತಬಾರಾ ಉತಾರಾದಲ್ಲಿ ಭೋಗವಟಾದಾರ ವರ್ಗ 2 ಅಂತ ಇದ್ದರೆ ಅದೇ. ಜಿಲ್ಲಾಧಿಕಾರಿಗಳ ಅನುಮತಿ ಇಲ್ಲದೆ ಅದನ್ನು ಮಾರುವ ಹಾಗಿಲ್ಲ. ಬಾಂಡ್ ಪೇಪರಿನ ಮೇಲೆ ಗುಪ್ತವಾಗಿ ಬರೆದುಕೊಟ್ಟರೆ ಶರ್ತಭಂಗ ಅಂತ ಸರ್ಕಾರ ಜಮೀನನ್ನೇ ವಾಪಸ್ ತೆಗೆದುಕೊಳ್ಳಬಹುದು. ಇಂಥ ಜಮೀನು ತೆಗೆದುಕೊಳ್ಳುವವನು ಅರ್ಧ ಬೆಲೆಯನ್ನೂ ಕೊಡೂದಿಲ್ಲ, ಯಾಕಂದ್ರ ನಿಮ್ಮ ಅಡಚಣಿ ಅವನಿಗೆ ಗೊತ್ತು. ಪಕ್ಕದ ಪಾಟೀಲರ ಹೊಲ ವರ್ಗ 1. ಅವರ ಮಗ ಪರದೇಶಕ್ಕೆ ಅರ್ಜಿ ಹಾಕಿದಾಗ ಅದೇ ಹೊಲದ ಬೆಲೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಬ್ಯಾಂಕೂ ಸಾಲ ಕೊಡುತ್ತದೆ. ವೀಸಾ ಅಧಿಕಾರಿ ಇಬ್ಬರ ಜಾತಿಯನ್ನೂ ಕೇಳೂದಿಲ್ಲ, ಎರಡು ಕಾಗದ ನೋಡ್ತಾನ.

ಇನ್ನು ಹೆಸರಿನ ಸಂಕಟ. ಗಡಿಯ ಮೇಲಿರುವ ನಮ್ಮಂಥವರಿಗೆ ಇದು ಎಲ್ಲರಿಗಿಂತ ಹೆಚ್ಚು. ಸಿದ್ದರಾಮ ಅನ್ನುವ ಹೆಸರು ತೆಗೆದುಕೊಳ್ಳಿ. ಸೊನ್ನಲಿಗೆಯ ಸಿದ್ಧರಾಮನ ಊರು ಇದು, ಓಣಿಗೆ ನಾಲ್ಕು ಮಂದಿ ಸಿದ್ದರಾಮರು ಇದ್ದಾರೆ. ಕನ್ನಡ ಶಾಲೆಯ ದಾಖಲೆಯಲ್ಲಿ ಅವನು ಸಿದ್ದರಾಮ, ಮರಾಠಿ ರೇಶನ್ ಕಾರ್ಡಿನಲ್ಲಿ ಸಿದ್ರಾಮ. ಇಂಗ್ಲಿಷಿನಲ್ಲಿ ಆಧಾರದ ಮೇಲೆ ಒಂದು 'ಡಿ', ಬ್ಯಾಂಕಿನಲ್ಲಿ ಎರಡು 'ಡಿ', ಹತ್ತನೇ ಮಾರ್ಕ್ಸ್‌ಕಾರ್ಡಿನಲ್ಲಿ ನಡುವೆ ಒಂದು 'ಎಚ್'. ಊರಿನಲ್ಲಿ ಐದೂ ಅವನೇ. ವೀಸಾ ಕಚೇರಿಯಲ್ಲಿ ಐದು ಮಂದಿ. ಇದರ ಮೇಲೆ ಅಡ್ಡಹೆಸರು. ಅಜ್ಜನ ಕಾಲದಲ್ಲಿ ಮಾಸ್ತರು ಕೇಳದೆಯೇ 'ಹರಿಜನ' ಅಂತ ಬರೆದುಕೊಂಡ ಮನೆಗಳಿವೆ. ಅಪ್ಪ ಅದನ್ನು ಬಿಟ್ಟು ಊರ ಹೆಸರಿಗೆ 'ಕರ' ಹಚ್ಚಿಕೊಂಡ. ಮಗ ಕನ್ನಡದವರ ಹಾಗೆ ಬರೇ ತಂದೆಯ ಹೆಸರು ಬರೆಯುತ್ತಾನೆ. ಮೂರು ತಲೆಮಾರಿಗೆ ಮೂರು ಅಡ್ಡಹೆಸರು. ಹಳೆಯ ಹೆಸರು ಬಿಟ್ಟದ್ದು ನಮ್ಮ ಹಕ್ಕು, ಅದರಲ್ಲಿ ನಾಚಿಕೆ ಇಲ್ಲ. ಆದರೆ ಬಿಟ್ಟದ್ದಕ್ಕೆ ಕಾಗದ ಬೇಕು. ಮಹಾರಾಷ್ಟ್ರ ರಾಜಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸುವ ವ್ಯವಸ್ಥೆ ಇದೆ, ಅರ್ಜಿ ಆನ್‌ಲೈನ್ ಹಾಕಬಹುದು. ಆ ಒಂದು ಪುಟ ಕೈಯಲ್ಲಿದ್ದರೆ ಆಧಾರ, ಪ್ಯಾನ್, ಬ್ಯಾಂಕು ಎಲ್ಲಾ ಒಂದೇ ಅಕ್ಷರಕ್ಕೆ ತರಬಹುದು. ಪಾಸ್‌ಪೋರ್ಟ್ ಅದರ ನಂತರ. 36 ಪುಟದ ಸಾದಾ ಪಾಸ್‌ಪೋರ್ಟಿಗೆ ಫೀ 1,500 ರೂಪಾಯಿ, ಕೇಂದ್ರ ಸೊಲ್ಲಾಪುರದಲ್ಲೇ ಇದೆ. ಅಪಾಯಿಂಟ್‌ಮೆಂಟ್ ತೆಗೆದುಕೊಡಲು ಎರಡು-ಮೂರು ಸಾವಿರ ಕೇಳುವವರಿದ್ದಾರೆ, ಕೊಡಬೇಡಿ. ಅದು ಫೋನಿನಲ್ಲಿ ಹತ್ತು ನಿಮಿಷದ ಕೆಲಸ.

ಹಾಗಾದ್ರ ನಮ್ಮವರು ಯಾರೂ ಹೋಗಿ ಗೆದ್ದಿಲ್ಲೇನು? ಗೆದ್ದಿದ್ದಾರೆ. ರಾಜೇಶ್ ಸರೈಯಾ ಅಂತ, ಉತ್ತರ ಪ್ರದೇಶದ ಮೂಲದ ದಲಿತ ಕುಟುಂಬದವರು, ಉಕ್ರೇನಿನಲ್ಲಿ ಸ್ಟೀಲ್‌ಮಾಂಟ್ ಅನ್ನುವ ಉಕ್ಕಿನ ವ್ಯಾಪಾರ ಕಟ್ಟಿದರು. 2014ರಲ್ಲಿ ಪದ್ಮಶ್ರೀ ಬಂತು. ಅವರು ಹೋದದ್ದು ಓದಲು. ಓದಿ, ಅಲ್ಲಿಯ ಭಾಷೆ ಕಲಿತು, ಮಂದಿಯ ಪರಿಚಯ ಮಾಡಿಕೊಂಡ ಮೇಲೆ ವ್ಯಾಪಾರ. ಏಜೆಂಟ ಫೋನಿನಲ್ಲಿ ತೋರಿಸುವುದು ಬೇರೆ ಹೆಸರು, ಉಡುಪಿಯಿಂದ 1973ರಲ್ಲಿ ಅಬುಧಾಬಿಗೆ ಹೋಗಿ ದೊಡ್ಡ ಆಸ್ಪತ್ರೆ ಕಟ್ಟಿದ ಬಿ.ಆರ್. ಶೆಟ್ಟಿಯವರದು. ಅವರೂ ಹೋದದ್ದು ಔಷಧ ಶಾಸ್ತ್ರ ಓದಿ, ಮೊದಲು ಮಾಡಿದ್ದು ಔಷಧ ಮಾರುವ ಕೆಲಸ. ಕಂಪನಿ 2020ರಲ್ಲಿ ಮುಳುಗಿದ್ದನ್ನು ಏಜೆಂಟ ಹೇಳೂದಿಲ್ಲ, ಇರಲಿ. ಇನ್ನು ಪಂಜಾಬಿನ ರವಿದಾಸಿಯಾ ಮಂದಿ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಕಡೆ ಕಾರ್ಖಾನೆ ಕೆಲಸಕ್ಕೆ ಹೋದರು, ಒಬ್ಬ ಇನ್ನೊಬ್ಬನನ್ನು ಕರೆಸಿಕೊಂಡ, ಮಕ್ಕಳು ಅಂಗಡಿ ಹಾಕಿದರು. ನಮ್ಮ ಮಂದಿಯ ಇಂಥ ಸರಪಳಿ ಇರುವುದು ಮುಂಬೈ, ಪುಣೆ ತನಕ. ಧಾರಾವಿಯಲ್ಲಿ ಇಳಿದರೆ ಚೀಟಿ ತೋರಿಸಲು ಮಾವ ಇದ್ದಾನೆ, ದುಬೈಯಲ್ಲಿ ಇಳಿದರೆ ಇಲ್ಲ. ಸೊಲ್ಲಾಪುರದಿಂದ ಪರದೇಶಕ್ಕೆ ಹೋದವರು ಅಂದಾಗ ಎಲ್ಲರ ಬಾಯಲ್ಲಿ ಬರುವುದು 1938ರಲ್ಲಿ ಚೀನಾಕ್ಕೆ ಹೋದ ಡಾಕ್ಟರ್ ಕೋಟ್ನಿಸ್. ನಮ್ಮ ಓಣಿಯಿಂದ ಹೋದವರು ಅಂತ ಹೇಳಲು ಇನ್ನೂ ಒಂದು ಹೆಸರು ಆಗಬೇಕಾಗಿದೆ.

ಓದುವವರಿಗೆ ಒಂದು ದಾರಿ ಇದೆ. ಪರಿಶಿಷ್ಟ ಜಾತಿ ಮತ್ತು ನವಬೌದ್ಧ ವಿದ್ಯಾರ್ಥಿಗಳಿಗಾಗಿ ಮಹಾರಾಷ್ಟ್ರ ಸರ್ಕಾರದ ರಾಜರ್ಷಿ ಶಾಹು ಮಹಾರಾಜ ಪರದೇಶ ಶಿಷ್ಯವೃತ್ತಿ, ವರ್ಷಕ್ಕೆ 75 ಮಂದಿಗೆ. 1920ರಲ್ಲಿ ಬಾಬಾಸಾಹೇಬರು ಎರಡನೇ ಸಲ ಲಂಡನ್ನಿಗೆ ಹೋದಾಗ ತಮ್ಮ ಸಂಬಳದ ಉಳಿತಾಯ, ಗೆಳೆಯ ನವಲ್ ಭಠೇನಾ ಕೊಟ್ಟ ಸಾಲ, ಇದರ ಜೊತೆ ಇದೇ ಶಾಹು ಮಹಾರಾಜರ ನೆರವೂ ಇತ್ತು. ಆ 75ರಲ್ಲಿ ಅಕ್ಕಲಕೋಟದವರು ಯಾಕಿರಬಾರದು? ಕೇಳುವ ಜಾತಿ ಪಡತಾಳಣಿ ಪ್ರಮಾಣಪತ್ರ, ಉತ್ಪನ್ನದ ದಾಖಲೆ, ಇಂಗ್ಲಿಷ್ ಪರೀಕ್ಷೆ, ಇವನ್ನು ಬಿ.ಎ. ಮೊದಲ ವರ್ಷದಿಂದಲೇ ಜೋಡಿಸಬೇಕು.

ಅಲ್ಲಿ ಹೋದ ಮೇಲೆ ಜಾತಿ ಇರೂದಿಲ್ಲ ಅಂತಾನೂ ಪೂರ್ತಿ ನಂಬಬೇಡಿ. ಅಮೆರಿಕಾದ ಸಿಯಾಟಲ್ ನಗರ ಫೆಬ್ರವರಿ 2023ರಲ್ಲಿ ಜಾತಿ ಭೇದವನ್ನು ಕಾನೂನಿನಿಂದ ನಿಷೇಧಿಸಿತು, ಆ ದೇಶದಲ್ಲಿ ಅದೇ ಮೊದಲ ನಗರ. ಇಲ್ಲದ ರೋಗಕ್ಕೆ ಯಾರೂ ಔಷಧ ತರೂದಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಅಂಥದ್ದೇ ಮಸೂದೆಗೆ ಸಹಿ ಹಾಕಲಿಲ್ಲ. ಆದರೂ ನನ್ನ ಮಟ್ಟಿಗೆ ಲೆಕ್ಕ ಹೀಗೆ: ಅಲ್ಲಿ ಅಡ್ಡಹೆಸರು ಗುರುತಿಸುವವರು ನೂರರಲ್ಲಿ ಇಬ್ಬರು, ಇಲ್ಲಿ ನೂರಕ್ಕೆ ನೂರು. ಗಿರಾಕಿ ಬೇಕಾದವನಿಗೆ ಇದು ಸಣ್ಣ ಫರಕು ಅಲ್ಲ.

ಕೊನೆಗೆ ಅಕ್ಕಂದಿರಿಗೆ ಒಂದು ಮಾತು, ಯಾಕಂದ್ರ ಇಷ್ಟೊತ್ತೂ ಹುಡುಗರ ಬಗ್ಗೆನೇ ಹೇಳಿದೆ. ನಮ್ಮ ಖಡಕ್ ರೊಟ್ಟಿಗೆ, ಶೇಂಗಾ ಚಟ್ನಿಗೆ ವೀಸಾ ಬೇಡ. ಸೊಲ್ಲಾಪುರದ ಚಾದರ, ಟವೆಲ್ ಪರದೇಶಕ್ಕೆ ಹೋಗುತ್ತವೆ, ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಮಂಗಳವೇಢೆಯ ಜೋಳಕ್ಕೂ ಸಿಕ್ಕಿದೆ. ತಿಂಗಳುಗಟ್ಟಲೆ ಕೆಡದ ರೊಟ್ಟಿ ಬಡಿಯುವ ಕೈ ಈ ಓಣಿಯಲ್ಲಿ ಎಷ್ಟಿವೆ ಅಂತ ಎಣಿಸಿ. ಮಾಲು ಹೊರದೇಶಕ್ಕೆ ಕಳಿಸಲು ಐ.ಇ.ಸಿ. ಅನ್ನುವ ನಂಬರು ಬೇಕು, ಫೀ 500 ರೂಪಾಯಿ, ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇದ್ದರೆ ಮನೆಯಿಂದಲೇ ಅರ್ಜಿ. ತಿನ್ನುವ ಪದಾರ್ಥಕ್ಕೆ ಎಫ್.ಎಸ್.ಎಸ್.ಎ.ಐ. ಪರವಾನಗಿ ಬೇಕು. ಅಂಚೆ ಇಲಾಖೆಯವರು ಡಾಕ್ ಘರ್ ನಿರ್ಯಾತ ಕೇಂದ್ರ ಅಂತ ತೆರೆದಿದ್ದಾರೆ, ಸಣ್ಣ ಪೊಟ್ಟಣವನ್ನೂ ಅಲ್ಲಿಂದ ಕಾನೂನು ಪ್ರಕಾರ ಕಳಿಸಬಹುದು. ಸಣ್ಣ ಬಂಡವಾಳಕ್ಕೆ ಮಹಾತ್ಮಾ ಫುಲೆ ಮಾಗಾಸವರ್ಗ ವಿಕಾಸ ಮಹಾಮಂಡಳ ಇದೆ, 1978ರಿಂದ ಇದೆ. ಅಲ್ಲಿ ಓಡಾಡಿ ಚಪ್ಪಲಿ ಸವೆಯುತ್ತದೆ, ಸುಳ್ಳು ಹೇಳೂದಿಲ್ಲ. ಊರಾಗ ನಮ್ಮ ಕೈಯ ರೊಟ್ಟಿ ತಿನ್ನಲು ಹಿಂದೆ ಮುಂದೆ ನೋಡುವವರ ಮಕ್ಕಳು ಲಂಡನ್ನಿನಲ್ಲಿ ಪೊಟ್ಟಣ ಒಡೆದು ತಿನ್ನಲಿ. ಪೊಟ್ಟಣದ ಮೇಲೂ ಜಾತಿಯ ಕಾಲಂ ಇಲ್ಲ. ಮತ್ತೆ ಇನ್ನೊಂದು ಉಪಯೋಗ ಅದ. ಎರಡು ವರ್ಷ ಹೀಗೆ ಮಾಲು ಕಳಿಸಿ ಬ್ಯಾಂಕಿನಲ್ಲಿ ಲೆಕ್ಕ ಬಂದವರು ನಾಳೆ ವೀಸಾ ಅರ್ಜಿ ಹಾಕಿದರೆ ತೋರಿಸಲು ಧಂಧಾ ಇರುತ್ತದೆ, ಬರೇ ಆಸೆ ಇರೂದಿಲ್ಲ.

ಅರ್ಜಿ ಹಾಕುವವರಿಗೆ ಇಷ್ಟು ಹೇಳಿ ಮುಗಿಸ್ತೀನಿ. ಏಜೆಂಟನಿಗೆ ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳ್ರಿ. ವೀಸಾದ ಹೆಸರೇನು, ಅದರ ಮೇಲೆ ಧಂಧಾ ಮಾಡಬಹುದು ಅಂತ ಎಲ್ಲಿ ಬರೆದಿದೆ? ಲೈಸೆನ್ಸ್ ಯಾರ ಹೆಸರಿನ ಮೇಲೆ? ರೊಕ್ಕಕ್ಕೆ ಪಾವತಿ ಕೊಡ್ತೀಯೇನು? ನಮ್ಮ ಹುಡುಗನೊಬ್ಬ ಮೊನ್ನೆ ಮೂರನೆಯದನ್ನು ಕೇಳಿದ ಮೇಲೆ ಅವನ ಫೋನಿಗೆ ಕರೆ ಬರುವುದು ನಿಂತಿದೆ. ಬೋರಮಾಳ ಸದ್ಯ ಮನೆಯಲ್ಲೇ ಇದೆ.

ಬರುವ ಭಾನುವಾರ ಮುಂಜಾನೆ ಹತ್ತು ಗಂಟೆಗೆ ಸಂಘದ ಕೋಣೆಯಲ್ಲಿ ಕೂಡುತ್ತೇವೆ. ಆಧಾರ, ಶಾಲೆ ಬಿಟ್ಟ ದಾಖಲೆ, ರೇಶನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಸಾತಬಾರಾ, ಇದ್ದಷ್ಟು ಕಾಗದ ತನ್ನಿ. ಝೆರಾಕ್ಸ್ ಸಾಕು, ಮೂಲ ಪ್ರತಿ ಮನೆಯಲ್ಲೇ ಇರಲಿ. ಹೆಸರು ಎಲ್ಲೆಲ್ಲಿ ಬೇರೆ ಬೇರೆ ಇದೆ ಅಂತ ಮೊದಲು ಪಟ್ಟಿ ಮಾಡೋಣ. ಪರದೇಶಕ್ಕೆ ಹೋಗದವರೂ ತನ್ನಿ, ಪಿಂಚಣಿಗೂ ಅದೇ ಕಾಗದ ಬೇಕು.

ಜೈ ಭೀಮ.